ದಾಸವಾಳ: ಕಡ್ಡಿ ನೆಡುವುದರಿಂದ ತಲೆಗೆ ಹಚ್ಚುವವರೆಗೆ

ದಾಸವಾಳದ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಕಡ್ಡಿ ನೆಟ್ಟರೆ ಚಿಗುರುತ್ತದೆ, ಆಮೇಲೆ ಒಣಗಿಹೋಗುತ್ತದೆ, ಯಾಕೆ? ಮೊಗ್ಗು ಅರಳುವ ಮೊದಲೇ ಉದುರುತ್ತದೆ, ಏನು ಮಾಡಲಿ? ಬಿಳಿ ಹಿಟ್ಟಿನಂಥ ಹುಳ ಹೋಗುವುದೇ ಇಲ್ಲ, ಏನು ಹೊಡೆಯಲಿ? ಕೂದಲಿಗೆ ಹೂ ಒಳ್ಳೆಯದೋ, ಎಲೆ ಒಳ್ಳೆಯದೋ? ದಾಸವಾಳದ ಟೀ ಕುಡಿದರೆ ಬಿಪಿ ಇಳಿಯುತ್ತದೆ ಅಂತಾರೆ, ನಿಜವಾ?

ಒಂದೊಂದಕ್ಕೂ ಬೇರೆ ಬೇರೆ ಉತ್ತರ ಕೊಡುವ ಬದಲು ಗಿಡ ಆರಿಸುವಲ್ಲಿಂದಲೇ ಶುರು ಮಾಡೋಣ. ಯಾಕೆಂದರೆ ಈ ತೊಂದರೆಗಳಲ್ಲಿ ಅರ್ಧ ತಳಿಯನ್ನು ತಪ್ಪಾಗಿ ಆರಿಸಿದ್ದರಿಂದ ಬರುತ್ತವೆ. ತಲೆಗೆ ಹಚ್ಚಲು, ಅಡುಗೆಗೆ ಬಳಸಲು ನಿಮಗೆ ಬೇಕಾದದ್ದು ಐದು ಎಸಳಿನ ಹಳೆಯ ಕೆಂಪು ಅಥವಾ ಬಿಳಿ ದಾಸವಾಳ. ಅದು ನಿಮ್ಮ ಮನೆಯಲ್ಲೇ, ವಿಷ ಹೊಡೆಯದೆ ಬೆಳೆದದ್ದಾಗಿರಬೇಕು. ಈ ಎರಡು ಮಾತಿನಲ್ಲಿ ನಾನು ರಾಜಿ ಆಗುವುದಿಲ್ಲ.

ಏನೇನು ಬೇಕು?

ತಾಯಿಗಿಡದಿಂದ ಐದಾರು ಕಡ್ಡಿ, 12ರಿಂದ 14 ಇಂಚಿನ ಒಂದು ಕುಂಡ ಅಥವಾ ಗ್ರೋ ಬ್ಯಾಗ್, ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಸ್ವಲ್ಪ ಬೇವಿನ ಹಿಂಡಿ, ಹರಿತವಾದ ಕತ್ತರಿ. ಇವೆಲ್ಲಕ್ಕಿಂತ ಮುಖ್ಯವಾದದ್ದು ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳುವ ಜಾಗ. ಬಿಸಿಲೇ ಇಲ್ಲದ ಬಾಲ್ಕನಿಯಲ್ಲಿ ದಾಸವಾಳ ಸೊಪ್ಪು ಬಿಡುತ್ತದೆ, ಹೂ ಬಿಡುವುದಿಲ್ಲ. ಕೂದಲಿಗೆ ಸೊಪ್ಪು ಮಾತ್ರ ಸಾಕು ಅನ್ನುವವರು ಅಲ್ಲೂ ಬೆಳೆಸಬಹುದು.

1. ಮೊದಲು ಗಿಡದ ಗುರುತು ಸರಿಯಾಗಿರಲಿ

ನಾವು ದಾಸವಾಳ ಅನ್ನುವುದು ಹೈಬಿಸ್ಕಸ್ ರೋಸಾ ಸೈನೆನ್ಸಿಸ್ ಎಂಬ ಜಾತಿ. ಸಂಸ್ಕೃತದಲ್ಲಿ ಜಪಾ ಕುಸುಮ. ಬೆಂಡೆ, ಹತ್ತಿ, ಪುಂಡಿ ಎಲ್ಲ ಇದೇ ಕುಟುಂಬದ ಗಿಡಗಳು. ಬೆಂಡೆ ಹೂವನ್ನೂ ದಾಸವಾಳವನ್ನೂ ಪಕ್ಕದಲ್ಲಿಟ್ಟು ನೋಡಿದರೆ ನಂಟು ಗೊತ್ತಾಗುತ್ತದೆ. ಬೆಂಡೆಕಾಯಿಯ ಲೋಳೆಯೂ ದಾಸವಾಳದ ಎಲೆಯ ಲೋಳೆಯೂ ಒಂದೇ ಬಗೆಯವು.

ಔಷಧಿಗೆ, ಅಡುಗೆಗೆ ಹಿಂದಿನಿಂದ ಬಳಸುತ್ತ ಬಂದದ್ದು ಐದು ಎಸಳಿನ ಒಂಟಿ ಹೂ. ನಡುವೆ ಉದ್ದನೆಯ ದಂಟು, ಅದರ ತುದಿಯಲ್ಲಿ ಹಳದಿ ಪುಡಿ, ತುತ್ತತುದಿಯಲ್ಲಿ ಐದು ಕೆಂಪು ಚುಕ್ಕೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ತಂಬುಳಿಗೂ ದೋಸೆಗೂ ಬಿಳಿ ದಾಸವಾಳವನ್ನೇ ಹುಡುಕುತ್ತಾರೆ.

ನರ್ಸರಿಯಲ್ಲಿ ಕಣ್ಣು ಸೆಳೆಯುವುದು ಬೇರೆಯೇ. ತಟ್ಟೆಯಗಲದ, ಎರಡು ಮೂರು ಬಣ್ಣ ಬೆರೆತ ಹೈಬ್ರಿಡ್ ಹೂಗಳು. ಚೆಂದ ಇರುತ್ತವೆ, ಬೇಡ ಅನ್ನುವುದಿಲ್ಲ. ಆದರೆ ಅವುಗಳಲ್ಲಿ ಎಷ್ಟೋ ಗಿಡ ಬೇರೊಂದು ಗಟ್ಟಿ ದಾಸವಾಳದ ಬುಡಕ್ಕೆ ಕಸಿ ಕಟ್ಟಿದವು. ಅಂಥವುಗಳ ಕಡ್ಡಿ ನೆಟ್ಟರೆ ಬೇರು ಬರುವುದು ಕಷ್ಟ, ಬಂದರೂ ಗಿಡ ಸೊರಗುತ್ತದೆ. ಒತ್ತೊತ್ತಾಗಿ ಎಸಳಿರುವ ಡಬಲ್ ದಾಸವಾಳ ದೇವರ ಪೂಜೆಗೆ ಚೆನ್ನ. ಆದರೆ ಮೊಗ್ಗು ಉದುರಿಸುವುದರಲ್ಲಿ ಅದೇ ಮುಂದು, ಎಸಳುಗಳ ಸಂದಿಯಲ್ಲಿ ಹುಳವೂ ಜಾಸ್ತಿ.

"ನಮ್ಮ ಮನೆ ದಾಸವಾಳ ವರ್ಷಗಟ್ಟಲೆ ಮೊಗ್ಗಾಗಿಯೇ ಇರುತ್ತದೆ, ಅರಳುವುದೇ ಇಲ್ಲ" ಎಂದು ಹಲವರು ಬರೆಯುತ್ತಾರೆ. ಹೂ ಕೆಂಪಗೆ, ಮೆಣಸಿನಕಾಯಿಯಷ್ಟು ಉದ್ದ, ಎಸಳು ಸುತ್ತಿಕೊಂಡೇ ಇದ್ದು ದಂಟು ಮಾತ್ರ ಹೊರಗೆ ಚಾಚಿದೆಯಾ? ಹಾಗಿದ್ದರೆ ನಿಮ್ಮ ಗಿಡಕ್ಕೆ ಏನೂ ಆಗಿಲ್ಲ. ಅದು ಮಾಲ್ವಾವಿಸ್ಕಸ್ ಎಂಬ ಬೇರೆ ಗಿಡ. ಅದರ ಹೂ ಪೂರ್ತಿ ಅರಳುವುದೇ ಹಾಗೆ. ಗೊಬ್ಬರ ಸುರಿದು ಕಾಯಬೇಡಿ.

2. ಕಡ್ಡಿ ಆರಿಸಿ, ಕತ್ತರಿಸಿ

ನರ್ಸರಿಯಿಂದ ಗಿಡ ತರುವುದಕ್ಕಿಂತ ನೆಂಟರ ಮನೆಯಿಂದಲೋ ಪಕ್ಕದ ಮನೆಯ ಬೇಲಿಯಿಂದಲೋ ಕಡ್ಡಿ ಕೇಳಿ ತರುವುದು ಒಳ್ಳೆಯದು. ಹೂ ಹೇಗಿದೆ, ಗಿಡ ಎಷ್ಟು ಗಟ್ಟಿ, ವಿಷ ಹೊಡೆದಿದ್ದಾರಾ ಎಲ್ಲ ಕಣ್ಣಾರೆ ಗೊತ್ತಿರುತ್ತದೆ. ಕಾಸೂ ಉಳಿಯುತ್ತದೆ.

ಕಡ್ಡಿ ನೆಡಲು ಹೇಳಿ ಮಾಡಿಸಿದ ಕಾಲ ಜೂನ್, ಜುಲೈ. ಗಾಳಿಯಲ್ಲಿ ತೇವ ಇರುವುದರಿಂದ ಬೇರು ಬರುವವರೆಗೆ ಎಲೆ ಬಾಡುವುದಿಲ್ಲ. ಮಳೆಗಾಲ ತಪ್ಪಿದರೆ ಫೆಬ್ರುವರಿಯಲ್ಲೂ ಪ್ರಯತ್ನಿಸಬಹುದು. ಏಪ್ರಿಲ್, ಮೇ ಬೇಡ.

ತೀರಾ ಎಳೆಯ ಹಸಿರು ಕಡ್ಡಿ ಕೊಳೆಯುತ್ತದೆ. ಪೂರ್ತಿ ಬಲಿತು ಬೂದು ಬಣ್ಣಕ್ಕೆ ತಿರುಗಿದ ಕೊಂಬೆಗೆ ಬೇರು ಬರಲು ಬಹಳ ದಿನ ಬೇಕು. ಎರಡರ ನಡುವಿನದನ್ನು ಆರಿಸಿ: ಪೆನ್ಸಿಲ್ ದಪ್ಪ, ಸಿಪ್ಪೆ ಹಸಿರಿನಿಂದ ಕಂದು ಬಣ್ಣಕ್ಕೆ ತಿರುಗುತ್ತಿರುವುದು, ಬಗ್ಗಿಸಿದರೆ ಸ್ವಲ್ಪ ಬಾಗಿ ಆಮೇಲೆ ಲಟಕ್ಕನೆ ಮುರಿಯುವುದು. ಉದ್ದ ಆರರಿಂದ ಎಂಟು ಇಂಚು.

ಕೆಳಗಿನ ತುದಿಯನ್ನು ಒಂದು ಗಿಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ ಕತ್ತರಿಸಿ. ಗಿಣ್ಣು ಅಂದರೆ ಕಡ್ಡಿಯಲ್ಲಿ ಎಲೆ ಹುಟ್ಟುವ ಗಂಟಿನಂಥ ಜಾಗ. ಬೇರು ಹೆಚ್ಚಾಗಿ ಅಲ್ಲಿಂದಲೇ ಹೊರಡುತ್ತದೆ. ಮೇಲಿನ ತುದಿಯನ್ನು ನೇರವಾಗಿ ಕತ್ತರಿಸಿ. ಹೀಗೆ ಮಾಡಿದರೆ ಯಾವುದು ಬುಡ, ಯಾವುದು ತುದಿ ಎಂದು ಗೊಂದಲ ಆಗುವುದಿಲ್ಲ. ತಲೆಕೆಳಗಾಗಿ ನೆಟ್ಟ ಕಡ್ಡಿಗಳ ಸಂಖ್ಯೆ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ!

ಕೆಳಗಿನ ಎಲೆಗಳನ್ನೆಲ್ಲ ತೆಗೆಯಿರಿ. ಮೇಲೆ ಎರಡು ಎಲೆ ಸಾಕು, ಅವು ದೊಡ್ಡದಿದ್ದರೆ ಅರ್ಧಕ್ಕೆ ಕತ್ತರಿಸಿ. ಮೊಗ್ಗು ಇದ್ದರೆ ಚಿವುಟಿ ಹಾಕಿ. ಬೇರಿಲ್ಲದ ಕಡ್ಡಿ ತನ್ನಲ್ಲಿರುವ ಶಕ್ತಿಯನ್ನೆಲ್ಲ ಹೂವಿಗೆ ಖರ್ಚು ಮಾಡಿಬಿಡುತ್ತದೆ.

3. ಬೇರು ಬರಿಸುವುದು: ಇಲ್ಲೇ ಹೆಚ್ಚಿನವರು ಸೋಲುವುದು

ಅರ್ಧ ಮರಳು, ಅರ್ಧ ಕೋಕೋಪೀಟ್ ಬೆರೆಸಿ. ಕೋಕೋಪೀಟ್ ಅಂದರೆ ತೆಂಗಿನ ನಾರಿನ ಪುಡಿ, ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದು ಇಲ್ಲದಿದ್ದರೆ ಕೆಂಪು ಮಣ್ಣು, ಮರಳು ಸಮ ಸಮ ಹಾಕಿ. ಈ ಹಂತದಲ್ಲಿ ಗೊಬ್ಬರ ಬೇಡವೇ ಬೇಡ. ಗೊಬ್ಬರದ ತೇವದಲ್ಲಿ ಕತ್ತರಿಸಿದ ತುದಿ ಕೊಳೆಯುತ್ತದೆ.

ಮೊದಲು ಒಂದು ಕೋಲಿನಿಂದ ತೂತು ಮಾಡಿ, ಆಮೇಲೆ ಕಡ್ಡಿ ಇಳಿಸಿ. ನೇರವಾಗಿ ಚುಚ್ಚಿದರೆ ತುದಿಯ ಸಿಪ್ಪೆ ಸುಲಿಯುತ್ತದೆ. ಎರಡು ಗಿಣ್ಣಾದರೂ ಮಣ್ಣಿನೊಳಗೆ ಇರಲಿ. ಸುತ್ತ ಅದುಮಿ, ಒಮ್ಮೆ ನೀರು ಹಾಕಿ, ನೆರಳಲ್ಲಿಡಿ. ಬೇರಿನ ಪುಡಿ, ಜೇನುತುಪ್ಪ, ಲೋಳೆಸರ ಹಚ್ಚಬೇಕಾ ಎಂದು ಕೇಳುತ್ತೀರಿ. ಒಂಟಿ ಎಸಳಿನ ಹಳೆಯ ತಳಿಗೆ ಯಾವುದೂ ಬೇಕಿಲ್ಲ. ಮಲೆನಾಡಿನಲ್ಲಿ ಮಳೆ ಹಿಡಿಯುತ್ತಿದ್ದಂತೆ ಬೇಲಿ ಸಾಲಿಗೆ ಸುಮ್ನೆ ಕಡ್ಡಿ ಊರಿ ಬರುತ್ತಾರೆ, ಬದುಕುತ್ತದೆ.

ಈಗ ಆ ಮೊದಲ ಪ್ರಶ್ನೆ. ನೆಟ್ಟು ಎರಡು ವಾರಕ್ಕೆ ಪುಟ್ಟ ಚಿಗುರು ಕಾಣಿಸುತ್ತದೆ. ಎಲ್ಲರೂ ಖುಷಿಯಾಗಿ ಕುಂಡವನ್ನು ಬಿಸಿಲಿಗೆ ತರುತ್ತಾರೆ, ಕೆಲವರು ಬೇರು ಬಂದಿದೆಯಾ ಎಂದು ಎಳೆದು ನೋಡುತ್ತಾರೆ. ಆ ಚಿಗುರು ಬಂದದ್ದು ಕಡ್ಡಿಯೊಳಗೆ ಉಳಿದಿದ್ದ ಆಹಾರದಿಂದ. ಬೇರು ಇನ್ನೂ ಬಂದೇ ಇರುವುದಿಲ್ಲ. ಬಿಸಿಲಿಗೆ ಎಲೆಯಿಂದ ನೀರು ಆರುತ್ತದೆ, ಕೆಳಗಿಂದ ಎಳೆದುಕೊಳ್ಳಲು ಬೇರಿಲ್ಲ, ನಾಲ್ಕೇ ದಿನಕ್ಕೆ ಚಿಗುರು ಬಾಡುತ್ತದೆ. ಅದಕ್ಕೇ ಚಿಗುರನ್ನು ನೋಡಿ ಮೋಸ ಹೋಗಬೇಡಿ. ನಾಲ್ಕರಿಂದ ಆರು ವಾರ ನೆರಳಲ್ಲೇ ಇರಲಿ. ಹೊಸ ಎಲೆ ನಾಲ್ಕೈದು ಬಿಡಿಸಿಕೊಂಡು, ಕಡ್ಡಿಯನ್ನು ಮೆಲ್ಲಗೆ ಅಲುಗಿಸಿದರೆ ಮಣ್ಣು ಹಿಡಿದುಕೊಂಡಿದೆ ಅನಿಸಿದಾಗ ಬೇರು ಬಂದಿದೆ ಎಂದರ್ಥ. ಆಮೇಲೂ ಒಂದು ವಾರ ಬರೀ ಬೆಳಗಿನ ಬಿಸಿಲು ತೋರಿಸಿ, ನಂತರ ಪೂರ್ತಿ ಬಿಸಿಲಿಗೆ ಇಡಿ.

ಹೈಬ್ರಿಡ್ ಗಿಡವೇ ಬೇಕು ಅನ್ನುವವರು ಗೂಟಿ ಕಟ್ಟಿ ನೋಡಿ. ಗಿಡದಲ್ಲೇ ಇರುವ ಕೊಂಬೆಯ ಸಿಪ್ಪೆಯನ್ನು ಒಂದು ಇಂಚು ಸುತ್ತಲೂ ತೆಗೆದು, ಅಲ್ಲಿ ಒದ್ದೆ ಕೋಕೋಪೀಟ್ ಇಟ್ಟು ಪ್ಲಾಸ್ಟಿಕ್ ಸುತ್ತಿ ಬಿಗಿಯಾಗಿ ಕಟ್ಟುವುದಕ್ಕೆ ಗೂಟಿ ಅನ್ನುತ್ತಾರೆ. ಬೇರು ಪ್ಲಾಸ್ಟಿಕ್ಕಿನೊಳಗೆ ಕಂಡ ಮೇಲೆ ಕತ್ತರಿಸಿ ನೆಟ್ಟರಾಯಿತು.

4. ಕುಂಡ, ಮಣ್ಣು, ನೀರು

ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಕುಂಡದ ತೂತು ಮುಚ್ಚಿಹೋಗದಂತೆ ಓಡಿನ ಚೂರು ಇಡಿ. ನೆಲ ಇದ್ದವರು ಒಂದೂವರೆ ಅಡಿ ಗುಂಡಿ ತೆಗೆದು ಇದೇ ಮಿಶ್ರಣ ತುಂಬಿ ನೆಡಿ.

ನೀರು ದಿನಾ ಹಾಕಬೇಕಾ? ಬೆರಳನ್ನು ಮಣ್ಣಿಗೆ ಒಂದು ಇಂಚು ಇಳಿಸಿ ನೋಡಿ, ಒಣಗಿದ್ದರೆ ಹಾಕಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕುಂಡದ ಗಿಡಕ್ಕೆ ಎರಡು ಹೊತ್ತೂ ಬೇಕಾಗಬಹುದು, ಮಧ್ಯಾಹ್ನ ಸ್ವಲ್ಪ ನೆರಳೂ ಬೇಕು. ಮಂಗಳೂರಿನ ಜುಲೈಯಲ್ಲಿ ಕುಂಡದಲ್ಲಿ ನಿಂತ ನೀರು ಚೆಲ್ಲುವುದೇ ನಿಮ್ಮ ಕೆಲಸ.

ಬೆಂಗಳೂರಿನಲ್ಲಿ ಬೋರ್‌ವೆಲ್ ನೀರು ಹಾಕುವವರಿಗೆ ಒಂದು ಮಾತು. ಗಿಡದ ತುದಿಯ ಹೊಸ ಎಲೆಗಳು ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲ ಅಂತಲ್ಲ. ಗಡಸು ನೀರಿನಿಂದ ಮಣ್ಣು ಕ್ಷಾರವಾಗಿ, ಇರುವ ಕಬ್ಬಿಣವನ್ನು ಬೇರು ಹೀರಲು ಆಗುತ್ತಿಲ್ಲ. ಮಳೆನೀರು ಹಿಡಿದು ಹಾಕಿ, ಎರೆಗೊಬ್ಬರ ಹೆಚ್ಚಿಸಿ, ಬೇಕಿದ್ದರೆ ಅಂಗಡಿಯಲ್ಲಿ ಸಿಗುವ ಐರನ್ ಚಿಲೇಟ್ (ಗಿಡ ಸುಲಭವಾಗಿ ಹೀರುವ ಕಬ್ಬಿಣದ ಗೊಬ್ಬರ) ಪ್ಯಾಕೆಟ್ಟಿನ ಮೇಲಿನ ಅಳತೆಯಲ್ಲಿ ಕೊಡಿ. ಇಂಥ ಕುಂಡಕ್ಕೆ ಒಲೆಯ ಬೂದಿ ಹಾಕಬೇಡಿ, ಅದೂ ಕ್ಷಾರವೇ. ಕೆಳಗಿನ ಹಳೆಯ ಎಲೆ ಒಂದೆರಡು ಹಳದಿಯಾಗಿ ಉದುರಿದರೆ ಮಾತ್ರ ಚಿಂತೆ ಬೇಡ.

5. ಗೊಬ್ಬರ ಮತ್ತು ಕತ್ತರಿ

ತಿಂಗಳಿಗೊಮ್ಮೆ ಎರಡು ಹಿಡಿ ಎರೆಗೊಬ್ಬರ. ಅದರ ಜೊತೆ, ನೆನೆಸಿ ಹುಳಿ ಬರಿಸಿದ ಕಡಲೆಕಾಯಿ ಹಿಂಡಿಯ ನೀರನ್ನು ಹತ್ತು ಪಟ್ಟು ತೆಳ್ಳಗೆ ಮಾಡಿ ಕೊಡಬಹುದು. ಗಿಡ ಕಡು ಹಸಿರಾಗಿ, ಎಲೆ ದೊಡ್ಡದಾಗಿ, ಹೂ ಕಡಿಮೆಯಾದರೆ ಸಾರಜನಕ ಜಾಸ್ತಿ ಆಗಿದೆ. ಹಿಂಡಿ ನಿಲ್ಲಿಸಿ. ಹೂವಿಗೆಂದು ರಂಜಕದ ಗೊಬ್ಬರ ಸುರಿಯುವವರಿದ್ದಾರೆ. ದಾಸವಾಳಕ್ಕೆ ಅದು ಹೆಚ್ಚಾದರೆ ಒಗ್ಗುವುದಿಲ್ಲ. ಅದು ಕೇಳುವುದು ಪೊಟ್ಯಾಷ್.

ದಾಸವಾಳ ಹೂ ಬಿಡುವುದು ಹೊಸ ಚಿಗುರಿನ ಮೇಲೆ. ಇದು ಗೊತ್ತಿದ್ದರೆ ಕತ್ತರಿ ಹಿಡಿಯಲು ಕೈ ಹಿಂಜರಿಯುವುದಿಲ್ಲ. ಫೆಬ್ರುವರಿಯಲ್ಲಿ ಒಮ್ಮೆ, ಮಳೆಗಾಲ ಶುರುವಾಗುವಾಗ ಇನ್ನೊಮ್ಮೆ ಕೊಂಬೆಗಳ ತುದಿ ಕತ್ತರಿಸಿ. ಒಂದೇ ಸಲಕ್ಕೆ ಗಿಡದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ. ಜೂನ್‌ನಲ್ಲಿ ಕತ್ತರಿಸಿದ ಕೊಂಬೆಗಳೇ ಮುಂದಿನ ಕಡ್ಡಿಗಳು, ಕೇಳಿದವರಿಗೆ ಕೊಡಿ.

6. ಮೊಗ್ಗು ಉದುರಿದರೆ ಒಂದನ್ನು ಸೀಳಿ ನೋಡಿ

ಔಷಧಿ ಹುಡುಕುವ ಮೊದಲು, ಬಿದ್ದ ಮೊಗ್ಗನ್ನು ಉಗುರಿನಿಂದ ಉದ್ದಕ್ಕೆ ಸೀಳಿ, ಬಿಳಿ ಕಾಗದದ ಮೇಲಿಟ್ಟು ಬೆಳಕಿನಲ್ಲಿ ನೋಡಿ. ಒಳಗೆ ಎಳ್ಳಿಗಿಂತ ಸಣ್ಣ ಮರಿಹುಳಗಳು ಹರಿದಾಡುತ್ತಿದ್ದರೆ ಅದು ಮೊಗ್ಗಿನ ನೊಣದ ಕೆಲಸ. ನೊಣ ಮೊಗ್ಗಿನಲ್ಲಿ ಮೊಟ್ಟೆ ಇಡುತ್ತದೆ, ಮರಿ ಒಳಗೇ ತಿಂದು ಬೆಳೆಯುತ್ತದೆ, ಮೊಗ್ಗು ಉದುರಿದ ಮೇಲೆ ಮಣ್ಣಿಗಿಳಿದು ಕೋಶ ಕಟ್ಟಿ ಮತ್ತೆ ನೊಣವಾಗಿ ಬರುತ್ತದೆ. ಮೇಲಿಂದ ಏನು ಸಿಂಪಡಿಸಿದರೂ ಒಳಗಿನ ಹುಳಕ್ಕೆ ತಾಗದು. ಈ ಸುತ್ತನ್ನು ಮುರಿಯಬೇಕಾದ್ದು ನೆಲದಲ್ಲಿ. ಬಿದ್ದ ಮೊಗ್ಗು, ಹಳದಿಯಾದ ಮೊಗ್ಗು ಎಲ್ಲವನ್ನೂ ದಿನಾ ಆರಿಸಿ, ಕವರಿನಲ್ಲಿ ಕಟ್ಟಿ ಎಸೆಯಿರಿ. ಗೊಬ್ಬರದ ಗುಂಡಿಗೆ ಹಾಕಬೇಡಿ. ಮೇಲ್ಮಣ್ಣು ಕೆದಕಿ ಬೇವಿನ ಹಿಂಡಿ ಬೆರೆಸಿ. ಮೂರ್ನಾಲ್ಕು ವಾರ ಬಿಡದೆ ಮಾಡಿದರೆ ವ್ಯತ್ಯಾಸ ಕಾಣುತ್ತದೆ.

ಮೊಗ್ಗಿನೊಳಗೆ ಏನೂ ಇಲ್ಲವಾ? ಹಾಗಾದರೆ ನೀರಿನ ಏರುಪೇರು ಕಾರಣ. ಒಂದು ದಿನ ಪೂರ್ತಿ ಒಣಗಿಸಿ ಮರುದಿನ ತುಂಬ ಹಾಕುವುದು, ಮೊಗ್ಗು ಬಂದಾಗ ಕುಂಡದ ಜಾಗ ಬದಲಿಸುವುದು, ಮೋಡ ಮುಚ್ಚಿ ಬಿಸಿಲೇ ಇಲ್ಲದ ವಾರಗಳು. ಇವಕ್ಕೆಲ್ಲ ಗಿಡ ಮೊಗ್ಗು ಉದುರಿಸಿ ಉತ್ತರ ಕೊಡುತ್ತದೆ. ಅರಳಿದ ಹೂ ಸಂಜೆಗೆ ಮುದುಡಿ ಮರುದಿನ ಬೀಳುವುದು ಮಾತ್ರ ರೋಗವಲ್ಲ. ಹೆಚ್ಚಿನ ದಾಸವಾಳದ ಆಯುಸ್ಸೇ ಒಂದು ದಿನ.

7. ಹಿಟ್ಟು ತಿಗಣೆ

ಎಲೆಯ ಬುಡದಲ್ಲಿ, ಚಿಗುರಿನ ಸಂದಿಯಲ್ಲಿ ಬಿಳಿ ಹತ್ತಿಯಂತೆ ಮೆತ್ತಿಕೊಳ್ಳುವುದೇ ಹಿಟ್ಟು ತಿಗಣೆ, ಇಂಗ್ಲಿಷಿನಲ್ಲಿ ಮೀಲಿಬಗ್. ಚಿಗುರು ಮುರುಟಿ ಗುಂಪುಗಟ್ಟಿದರೂ ಇದರದ್ದೇ ಕೈವಾಡ. ಮೈಮೇಲೆ ಮೇಣದ ಪುಡಿ ಇರುವುದರಿಂದ ಸುಮ್ನೆ ಸಿಂಪಡಿಸಿದ ಔಷಧಿ ಜಾರಿಹೋಗುತ್ತದೆ. ಅದಕ್ಕೇ ಎಷ್ಟು ಹೊಡೆದರೂ ಹೋಗುವುದಿಲ್ಲ ಅನಿಸುವುದು.

ಕ್ರಮ ಹೀಗಿರಲಿ. ಮೊದಲು ಹೆಚ್ಚು ಮೆತ್ತಿದ ತುದಿಗಳನ್ನು ಕತ್ತರಿಸಿ ಸೋಪಿನ ನೀರಿಗೆ ಹಾಕಿ. ಉಳಿದ ಗಿಡಕ್ಕೆ ಪೈಪಿನಿಂದ ರಭಸವಾಗಿ ನೀರು ಹಾಯಿಸಿ. ಎಲೆಯ ಅಡಿಭಾಗಕ್ಕೆ ಜೋರಾಗಿ ಬೀಳಲಿ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಕದಡಿ, ಅದಕ್ಕೆ 5 ಮಿಲಿ ಬೇವಿನ ಎಣ್ಣೆ ಹಾಕಿ ಚೆನ್ನಾಗಿ ಕುಲುಕಿ, ಸಂಜೆ ಹೊತ್ತು ಸಿಂಪಡಿಸಿ. ಸೋಪು ಇಲ್ಲದೆ ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲ. ಮೇಣದ ಪದರವನ್ನು ಒಡೆಯುವುದೂ ಸೋಪೇ. ವಾರ ಬಿಟ್ಟು ಮತ್ತೆ, ಇನ್ನೊಂದು ವಾರ ಬಿಟ್ಟು ಮತ್ತೆ. ಒಂದೇ ಸಲಕ್ಕೆ ನಿಲ್ಲಿಸಿದರೆ ಮೊಟ್ಟೆಯಿಂದ ಹೊಸ ಸಂತಾನ ಎದ್ದು ಬರುತ್ತದೆ. ಬಿಸಿಲಲ್ಲಿ ಸಿಂಪಡಿಸಬೇಡಿ, ಎಲೆ ಸುಡುತ್ತದೆ.

ಇರುವೆಗಳನ್ನು ಗಮನಿಸಿ. ತಿಗಣೆ ಸೂಸುವ ಸಿಹಿ ಅಂಟಿಗಾಗಿ ಇರುವೆ ಅದನ್ನು ಕಾಯುತ್ತದೆ, ತಿನ್ನಲು ಬರುವ ಹುಳಗಳನ್ನು ಓಡಿಸುತ್ತದೆ. ಕುಂಡವನ್ನು ನೀರು ತುಂಬಿದ ತಟ್ಟೆಯ ನಡುವೆ ಇಟ್ಟಿಗೆ ಇಟ್ಟು ಅದರ ಮೇಲೆ ಕೂರಿಸಿ, ಇರುವೆ ಹತ್ತುವುದು ನಿಲ್ಲುತ್ತದೆ. ಸೊಳ್ಳೆ ಆಗದಂತೆ ಆ ನೀರನ್ನು ಮೂರು ದಿನಕ್ಕೊಮ್ಮೆ ಬದಲಿಸಿ.

ವಿಷ ಯಾಕೆ ಬೇಡ ಅನ್ನುವುದಕ್ಕೆ ನಮ್ಮ ನೆರೆಯಲ್ಲೇ ಒಂದು ಉದಾಹರಣೆ ಇದೆ. 2008ರಲ್ಲಿ ಕೊಯಮತ್ತೂರು ಕಡೆ ಪಪ್ಪಾಯಿ ಹಿಟ್ಟು ತಿಗಣೆ ಎಂಬ ಹೊರದೇಶದ ಕೀಟ ಕಾಣಿಸಿಕೊಂಡಿತು. ಪಪ್ಪಾಯಿ, ಹಿಪ್ಪುನೇರಳೆ, ದಾಸವಾಳ ಯಾವುದನ್ನೂ ಬಿಡಲಿಲ್ಲ. ರೈತರು ಹೊಡೆದ ಔಷಧಿಗೆ ಅದು ಬಗ್ಗಲಿಲ್ಲ. ಈಗ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಎಂದು ಕರೆಯುವ ಬೆಂಗಳೂರಿನ ಸಂಸ್ಥೆ 2010ರಲ್ಲಿ ಪೋರ್ಟೊರಿಕೋದಿಂದ ಪುಟ್ಟ ಪರಾವಲಂಬಿ ಕಣಜಗಳನ್ನು ತರಿಸಿ, ಬೆಳೆಸಿ, ಬಿಡುಗಡೆ ಮಾಡಿತು. ಈ ಕಣಜ ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತದೆ. ಹಾವಳಿ ತಗ್ಗಿದ್ದು ಅದರಿಂದ. ನಿಮ್ಮ ಗಿಡಕ್ಕೆ ಬರುವ ಕಣಜ, ಗುಲಗಂಜಿ ಹುಳ ಇಂಥದೇ ಕೆಲಸ ಮಾಡುತ್ತವೆ. ಕೀಟನಾಶಕ ಮೊದಲು ಕೊಲ್ಲುವುದು ಅವುಗಳನ್ನೇ.

ಇನ್ನೊಂದು ಕಾರಣ ನಿಮ್ಮ ಹೊಟ್ಟೆ. ಸಿಸ್ಟಮಿಕ್ ಕೀಟನಾಶಕ ಅಂದರೆ ಗಿಡದ ರಸದೊಳಗೇ ಸೇರಿ ಎಲೆ, ಹೂ ಎಲ್ಲ ಕಡೆ ಹರಿಯುವ ವಿಷ. ತೊಳೆದರೆ ಹೋಗುವುದಿಲ್ಲ. ನರ್ಸರಿಯಿಂದ ತಂದ ಗಿಡಕ್ಕೆ ಅದನ್ನು ಹಾಕಿರುವ ಸಾಧ್ಯತೆ ಇದೆ. ಅದಕ್ಕಾಗಿ ತಂದ ಮೊದಲ ಎರಡು ಮೂರು ತಿಂಗಳ ಹೂವನ್ನು ದೇವರಿಗೆ ಇಡಿ, ಅಡುಗೆಗೆ ಬೇಡ. ಹೂವಿನ ಮಾರುಕಟ್ಟೆಯಿಂದ ತಂದ ದಾಸವಾಳವನ್ನಂತೂ ಯಾವತ್ತೂ ತಿನ್ನಬೇಡಿ.

8. ಕೂದಲಿಗೆ: ಎಲೆಯನ್ನು ಮರೆಯಬೇಡಿ

ಎಲ್ಲರ ಕಣ್ಣೂ ಹೂವಿನ ಮೇಲೆ. ಆದರೆ ತಲೆಗೆ ಎಲೆಯೇ ಒಳ್ಳೆಯದು ಎಂದು ನಾನು ಹೇಳುತ್ತೇನೆ. 2003ರಲ್ಲಿ ಭಾರತದ ಸಂಶೋಧಕರು ಇಲಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ ಎಲೆಯ ಸಾರ ಹೂವಿನ ಸಾರಕ್ಕಿಂತ ಹೆಚ್ಚು ಕೂದಲು ಬೆಳೆಸಿತ್ತು. ಅದು ಇಲಿಗಳ ಮೇಲಿನ ಫಲ. ಬೋಳಾದ ತಲೆಯಲ್ಲಿ ಕೂದಲು ಹುಟ್ಟಿಸುತ್ತದೆ ಎಂದು ಇದರಿಂದ ಯಾರಾದರೂ ಹೇಳಿದರೆ ನಂಬಬೇಡಿ. ಎಲೆಯ ಲೋಳೆ ಕೂದಲನ್ನು ನುಣುಪಾಗಿಸುತ್ತದೆ, ಸಿಕ್ಕು ಬಿಡಿಸುತ್ತದೆ, ಸೀಗೆಕಾಯಿಯ ಒಣ ಗುಣವನ್ನು ತಗ್ಗಿಸುತ್ತದೆ. ಇಷ್ಟನ್ನು ನೀವೇ ಒಂದು ಸ್ನಾನದಲ್ಲಿ ನೋಡಬಹುದು.

ಲೋಳೆ ತೆಗೆಯುವುದು ಹೀಗೆ. ಬಲಿತ ಎಲೆ ಇಪ್ಪತ್ತು, ಹೂ ನಾಲ್ಕೈದು ತೊಳೆದು, ಎರಡು ಲೋಟ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಆಮೇಲೆ ಕೈಯಿಂದ ಕಿವುಚಿ. ಮೊದಲ ಎರಡು ನಿಮಿಷ ಏನೂ ಆಗುವುದಿಲ್ಲ, ಬರೀ ಹಸಿರು ನೀರು. ಬಿಡದೆ ಕಿವುಚಿದರೆ ನೀರು ಬೆರಳಿಗೆ ಅಂಟಿ ದಾರದಂತೆ ಎಳೆಯಲು ಶುರುವಾಗುತ್ತದೆ. ತೆಳು ಬಟ್ಟೆಯಲ್ಲಿ ಹಿಂಡಿ. ಮಿಕ್ಸಿಗೆ ಹಾಕಿದರೆ ಬೇಗ ಆಗುತ್ತದೆ ನಿಜ, ಆದರೆ ನಾರು ಪುಡಿಯಾಗಿ ಕೂದಲಲ್ಲಿ ಸಿಕ್ಕಿಕೊಂಡು ತೆಗೆಯಲು ಸಾಕಾಗಿಹೋಗುತ್ತದೆ. ಮಿಕ್ಸಿ ಬಳಸಿದರೆ ಎರಡು ಸಲ ಸೋಸಿ.

ಎಣ್ಣೆ ಹಚ್ಚಿದ ತಲೆಗೆ ಸೀಗೆಪುಡಿಯನ್ನು ಈ ಲೋಳೆಯಲ್ಲಿ ಕಲಸಿ ಹಚ್ಚಿ. ಎಣ್ಣೆ ಇಲ್ಲದ ತಲೆಗೆ ಲೋಳೆ ಮಾತ್ರ ಸಾಕು. ಹದಿನೈದು ನಿಮಿಷ ಬಿಟ್ಟು ತೊಳೆಯಿರಿ. ಮೊದಲ ಸಲ ಬಳಸುವವರು ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ, ತುರಿಕೆ ಬಂದರೆ ಬಿಡಿ. ಬೇಗ ನೆಗಡಿ ಹಿಡಿಯುವವರು ಬೆಳಗಿನ ಚಳಿಯಲ್ಲಿ ಹಚ್ಚಿಕೊಂಡು ಕೂರಬೇಡಿ. ಉಳಿದ ಲೋಳೆಯನ್ನು ಒಂದು ದಿನಕ್ಕಿಂತ ಹೆಚ್ಚು ಇಡಬೇಡಿ, ಹುಳಿ ವಾಸನೆ ಬರುತ್ತದೆ.

ಎಣ್ಣೆ ಕಾಯಿಸುವವರಿಗೆ: ಕಾಲು ಲೀಟರ್ ಕೊಬ್ಬರಿ ಎಣ್ಣೆಗೆ ಹತ್ತು ಹೂ, ಒಂದು ಹಿಡಿ ಎಲೆ. ತೊಳೆದ ಮೇಲೆ ಬಟ್ಟೆಯ ಮೇಲೆ ಹರಡಿ ರಾತ್ರಿಯಿಡೀ ನೆರಳಲ್ಲಿ ಬಾಡಿಸಿ. ಈ ಹೆಜ್ಜೆ ಬಿಟ್ಟರೆ ಎಣ್ಣೆ ಸಿಡಿಯುತ್ತದೆ, ಒಳಗೆ ನೀರಿನಂಶ ಉಳಿದು ಕೆಲವೇ ವಾರದಲ್ಲಿ ಕಮಟು ವಾಸನೆ ಹಿಡಿಯುತ್ತದೆ. ಸಣ್ಣ ಉರಿಯಲ್ಲಿ ಕಾಯಿಸಿ. ಎಲೆಯ ಸುತ್ತ ಬರುತ್ತಿರುವ ಗುಳ್ಳೆಗಳು ನೀರು ಆರುತ್ತಿರುವ ಗುರುತು. ಗುಳ್ಳೆ ನಿಂತು, ಎಲೆ ಗರಿಗರಿ ಆದ ಕೂಡಲೇ ಒಲೆ ಆರಿಸಿ. ಕಪ್ಪಾಗುವವರೆಗೆ ಬಿಡಬೇಡಿ. ತಣಿದ ಮೇಲೆ ಸೋಸಿ, ಒದ್ದೆ ಇಲ್ಲದ ಗಾಜಿನ ಬಾಟಲಿಗೆ ತುಂಬಿ.

"ನಾನು ಮಾಡಿದ ಎಣ್ಣೆ ಕೆಂಪಾಗಲಿಲ್ಲ, ಎಲ್ಲಿ ತಪ್ಪಿದೆ?" ಎಂದು ಕೇಳುವವರು ಬಹಳ. ಎಲ್ಲೂ ತಪ್ಪಿಲ್ಲ. ದಾಸವಾಳದ ಕೆಂಪು ನೀರಿನಲ್ಲಿ ಕರಗುವ ಬಣ್ಣ, ಎಣ್ಣೆಯಲ್ಲಿ ಕರಗುವುದಿಲ್ಲ. ಎಣ್ಣೆಗೆ ಬರುವುದು ಎಲೆಯ ಹಸಿರು ಮಾತ್ರ. ಅಂಗಡಿಯಲ್ಲಿ ಕೆಂಪಗೆ ಕಾಣುವ ದಾಸವಾಳದ ಎಣ್ಣೆಗೆ ಆ ಬಣ್ಣ ಬೇರೆ ಕಡೆಯಿಂದ ಬಂದಿರುತ್ತದೆ, ರತನ್‌ಜೋತ್ ಬೇರಿನಿಂದಲೋ ಕೃತಕ ಬಣ್ಣದಿಂದಲೋ.

9. ಅಡುಗೆಗೆ: ತಂಬುಳಿ

ಬೆಳಿಗ್ಗೆ ಅರಳಿದ ಎಂಟು ಬಿಳಿ ಹೂ ಕೊಯ್ಯಿರಿ. ಬುಡದ ಹಸಿರು ತೊಟ್ಟು, ನಡುವಿನ ದಂಟು ತೆಗೆದು ಎಸಳು ಮಾತ್ರ ಇಟ್ಟುಕೊಳ್ಳಿ. ಬುಡದಲ್ಲಿ ಇರುವೆ ಅಡಗಿರುತ್ತದೆ, ನೀರಿನಲ್ಲಿ ಒಮ್ಮೆ ಜಾಲಾಡಿಸಿ. ಸ್ಟೀಲ್ ಬಾಣಲೆಯಲ್ಲಿ ಒಂದು ಚಮಚ ತುಪ್ಪ, ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು ಹಾಕಿ. ಜೀರಿಗೆ ಘಮ ಬಂದಾಗ ಎಸಳು ಸೇರಿಸಿ ಬಾಡಿಸಿ. ಮೂರು ಚಮಚ ತೆಂಗಿನತುರಿ ಜೊತೆ ನುಣ್ಣಗೆ ರುಬ್ಬಿ, ಒಂದು ಲೋಟ ಹುಳಿ ಇಲ್ಲದ ಮಜ್ಜಿಗೆಗೆ ಬೆರೆಸಿ, ಉಪ್ಪು ಹಾಕಿ. ಸಾಸಿವೆ, ಒಣಮೆಣಸಿನ ಒಗ್ಗರಣೆ. ಮತ್ತೆ ಕುದಿಸಬೇಡಿ, ಒಡೆಯುತ್ತದೆ. ಅನ್ನಕ್ಕೆ ಮೊದಲ ಬಡಿಸಿಗೆ ಇದು.

ಕೆಂಪು ಹೂವಿನಿಂದಲೂ ಮಾಡಬಹುದು, ಬಣ್ಣ ಮಾತ್ರ ಬೇರೆ. ಕೆಂಪು ಎಸಳಿನ ಬಣ್ಣ ಹುಳಿ ಸೇರಿದರೆ ಗಾಢ ಗುಲಾಬಿ, ಸೋಡಾ ಸೇರಿದರೆ ಹಸಿರು. ಶಾಲೆಯಲ್ಲಿ ಆಮ್ಲ, ಪ್ರತ್ಯಾಮ್ಲ ಗುರುತಿಸಲು ದಾಸವಾಳದ ನೀರು ಬಳಸಿದ್ದು ನೆನಪಿದೆ ಅಲ್ವಾ? ಅದೇ. ಕಬ್ಬಿಣದ ಬಾಣಲೆಯಲ್ಲಿ ಹುರಿದರೆ ಕಪ್ಪಾಗುತ್ತದೆ, ಅದಕ್ಕೇ ಸ್ಟೀಲ್ ಎಂದದ್ದು.

ದೋಸೆಗೆ ಎಲೆ: ಎರಡು ಲೋಟ ಅಕ್ಕಿ ನೆನೆಸಿ ರುಬ್ಬುವಾಗ ಬಿಳಿ ದಾಸವಾಳದ ಹದಿನೈದು ಎಳೆ ಎಲೆ ಸೇರಿಸಿ. ಲೋಳೆಯಿಂದಲೇ ಹಿಟ್ಟು ಹದವಾಗುತ್ತದೆ, ಉದ್ದು ತೀರಾ ಸ್ವಲ್ಪ ಸಾಕು.

10. ಬಿಪಿ, ಟೀ, ಮತ್ತು ಯಾರು ಬಳಸಬಾರದು

ಇಲ್ಲೊಂದು ದೊಡ್ಡ ಗೊಂದಲ ಇದೆ. 2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 65 ಮಂದಿ ಭಾಗವಹಿಸಿದ್ದರು. ಆರು ವಾರ, ದಿನಕ್ಕೆ ಮೂರು ಕಪ್ ಹೈಬಿಸ್ಕಸ್ ಟೀ ಕುಡಿದವರಲ್ಲಿ ಮೇಲಿನ ಬಿಪಿ ಸರಾಸರಿ 7 ಅಂಕದಷ್ಟು ಇಳಿಯಿತು. ಈ ಸುದ್ದಿ ಓದಿದವರು ಅಂಗಳದ ದಾಸವಾಳ ಕುದಿಸಿ ಕುಡಿಯುತ್ತಿದ್ದಾರೆ. ಆ ಟೀ ಮಾಡಿದ್ದು ನಮ್ಮ ದಾಸವಾಳದಿಂದ ಅಲ್ಲ. ಅದು ಹೈಬಿಸ್ಕಸ್ ಸಬ್ಡಾರಿಫಾ, ರೋಸೆಲ್ ಎಂದು ಮಾರುತ್ತಾರೆ. ಪುಂಡಿ ಜಾತಿಯ ಹುಳಿ ಗಿಡ. ಅದರಲ್ಲೂ ಬಳಸುವುದು ಎಸಳಲ್ಲ, ಹೂ ಉದುರಿದ ಮೇಲೆ ಕಾಯಿಯ ಸುತ್ತ ದಪ್ಪಗಾಗುವ ಕೆಂಪು ಕವಚ. ಅಂಗಡಿಯ ಹೈಬಿಸ್ಕಸ್ ಟೀ ಪೊಟ್ಟಣದಲ್ಲೂ ಸಾಮಾನ್ಯವಾಗಿ ಇರುವುದು ಇದೇ. ಆ ಗಿಡದ ಫಲಿತಾಂಶವನ್ನು ಈ ಗಿಡದ ಖಾತೆಗೆ ಹಾಕಬೇಡಿ. ಬಿಪಿ ಮಾತ್ರೆಯನ್ನಂತೂ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ.

ದಾಸವಾಳದ ಎಸಳನ್ನು ಬಿಸಿನೀರಿಗೆ ಹಾಕಿ, ನಿಂಬೆರಸ, ಬೆಲ್ಲ ಬೆರೆಸಿ ಅಪರೂಪಕ್ಕೆ ಶರಬತ್ತಿನಂತೆ ಕುಡಿಯುವುದಕ್ಕೆ ಅಡ್ಡಿಯಿಲ್ಲ. ಔಷಧಿಯೆಂದು ದಿನವೂ ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಳ್ಳುವ ಮೊದಲು ವೈದ್ಯರನ್ನು ಕೇಳಿ.

ಗರ್ಭಿಣಿಯರು ಮತ್ತು ಮಗುವಿಗಾಗಿ ಪ್ರಯತ್ನಿಸುತ್ತಿರುವವರು ಹೂವನ್ನಾಗಲಿ ಕಷಾಯವನ್ನಾಗಲಿ ಹೊಟ್ಟೆಗೆ ತೆಗೆದುಕೊಳ್ಳಬಾರದು. ಗರ್ಭ ನಿಲ್ಲದಂತೆ ತಡೆಯಲು ಈ ಹೂ ಬಳಸುವ ಪದ್ಧತಿ ಹಿಂದೆ ಇತ್ತು. ಇಲಿಗಳ ಮೇಲಿನ ಪ್ರಯೋಗಗಳಲ್ಲೂ ಹೂವಿನ ಸಾರ ಗರ್ಭ ಕಟ್ಟುವುದನ್ನು ತಡೆದಿದೆ. ಹಿರಿಯರು "ಉಷ್ಣಕ್ಕೆ ಒಳ್ಳೆಯದು" ಎಂದು ಪ್ರೀತಿಯಿಂದ ಕೊಟ್ಟರೂ ಆ ಒಂಬತ್ತು ತಿಂಗಳು ಬೇಡ ಎಂದು ಹೇಳಿ. ಸಕ್ಕರೆ ಕಾಯಿಲೆಗೆ, ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು, ಸದ್ಯದಲ್ಲೇ ಆಪರೇಷನ್ ಇರುವವರು ಕೂಡ ವೈದ್ಯರಿಗೆ ತಿಳಿಸದೆ ಕಷಾಯ ಕುಡಿಯಬೇಡಿ. ತಲೆಗೆ ಹಚ್ಚುವುದಕ್ಕೆ ಈ ಯಾವ ಮಾತೂ ಅನ್ವಯಿಸುವುದಿಲ್ಲ.

ಹೊರದೇಶದಲ್ಲಿರುವವರಿಗೆ

ಅಮೆರಿಕ, ಇಂಗ್ಲೆಂಡಿನ ಚಳಿ ಪ್ರದೇಶದಿಂದ ಬರೆಯುವವರೂ ಇದ್ದೀರಿ. ಅಲ್ಲಿನ ಅಂಗಡಿಯಲ್ಲಿ "ಹಾರ್ಡಿ ಹೈಬಿಸ್ಕಸ್" ಎಂದು ಮಾರುವುದು ಹಿಮ ತಡೆಯುವ ಬೇರೆ ಜಾತಿಗಳು. ನಮ್ಮ ದಾಸವಾಳಕ್ಕೆ "ಟ್ರಾಪಿಕಲ್" ಎಂಬ ಚೀಟಿ ನೋಡಿ ತನ್ನಿ. ರಾತ್ರಿಯ ತಾಪಮಾನ 10 ಡಿಗ್ರಿಗೆ ಇಳಿಯುವ ಮೊದಲೇ ಕುಂಡವನ್ನು ಒಳಗೆ ತಂದು, ಬೆಳಕು ಬೀಳುವ ಕಿಟಕಿಯ ಪಕ್ಕ ಇಡಿ. ಒಳಗೆ ತರುವ ಮೊದಲು ಎಲೆಯ ಅಡಿಭಾಗ ಪರೀಕ್ಷಿಸಿ, ಇಲ್ಲದಿದ್ದರೆ ತಿಗಣೆಯೂ ಜೊತೆಗೇ ಒಳಗೆ ಬರುತ್ತದೆ. ಚಳಿಗಾಲದಲ್ಲಿ ನೀರು ಕಡಿಮೆ ಮಾಡಿ, ಗೊಬ್ಬರ ನಿಲ್ಲಿಸಿ. ಎಲೆ ಅರ್ಧಕ್ಕರ್ಧ ಉದುರಿದರೂ ಗಿಡ ಸತ್ತಿತೆಂದು ಎಸೆಯಬೇಡಿ. ಕಡ್ಡಿಯ ಸಿಪ್ಪೆಯನ್ನು ಉಗುರಿನಿಂದ ಕೆರೆದಾಗ ಒಳಗೆ ಹಸಿರು ಕಂಡರೆ ಜೀವ ಇದೆ. ಚಳಿ ಕಳೆದ ಮೇಲೆ ಕತ್ತರಿಸಿ ಹೊರಗಿಡಿ.